ವಿಷಯದ ವಿಸ್ತಾರವೂ ಪ್ರಶ್ನೆಯ ಪರಿಮಿತಿಯೂ: ಧಾತು-ಈಶ್ವರ ಸಂವತ್ಸರಗಳ ಬರದ ನಿದರ್ಶನ

1

ಇತಿಹಾಸವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದಲ್ಲಿಯೋ ಸ್ನಾತಕೋತ್ತರ ತರಗತಿಯಲ್ಲಿಯೋ ಒಂದು ಸಂಶೋಧನ ಪ್ರಬಂಧವನ್ನು ಬರೆದೊಪ್ಪಿಸುವ ಪದ್ಧತಿ ಅನೇಕ ಕಾಲೇಜುಗಳಲ್ಲಿ ಉಂಟು. ಇಂತಹ ಪ್ರಬಂಧಗಳಿಗೆ ಅವರು ಸೂಚಿಸುವ ತಲೆಬರಹಗಳನ್ನು ನೋಡಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. 'ವಿಜಯನಗರದ ಸಂಸ್ಕೃತಿ', 'ಕರ್ನಾಟಕದಲ್ಲಿ ಸ್ತ್ರೀಯರ ಸ್ಥಾನಮಾನ', 'ಮೈಸೂರು ಸಂಸ್ಥಾನದ ಆಡಳಿತ', 'ಕರ್ನಾಟಕದ ಬರಗಾಲಗಳು' - ಹೀಗೆ ಪ್ರತಿಯೊಂದೂ ಒಬ್ಬ ವಿದ್ವಾಂಸನ ಜೀವಮಾನವನ್ನೇ ಬೇಡುವಷ್ಟು ವಿಶಾಲವಾಗಿರುತ್ತದೆ. ಬರೆಯುವವನಿಗೆ ದೊರೆಯುವ ಕಾಲವಾದರೋ ನಾಲ್ಕೈದು ತಿಂಗಳು. ಪುಟಗಳು ಮೂವತ್ತೋ ನಲವತ್ತೋ. ಆದಕಾರಣ ಅವನು ಅನಿವಾರ್ಯವಾಗಿ ಎರಡು ಮೂರು ಪ್ರಸಿದ್ಧ ಗ್ರಂಥಗಳನ್ನು ಮುಂದಿಟ್ಟುಕೊಂಡು ಅವುಗಳ ಸಾರವನ್ನು ತನ್ನ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಪ್ರಬಂಧವು ಸಿದ್ಧವಾಗುತ್ತದೆ, ಸಂಶೋಧನೆ ನಡೆದಿರುವುದಿಲ್ಲ.

ಇದಕ್ಕೆ ಅಧ್ಯಾಪಕರು ಸಾಮಾನ್ಯವಾಗಿ ಸೂಚಿಸುವ ಪರಿಹಾರ 'ವಿಷಯವನ್ನು ಸಂಕುಚಿತಗೊಳಿಸು' ಎಂಬುದು. ಮಾತು ಸರಿಯಾದುದೇ. ಆದರೆ ಸಂಕುಚಿತಗೊಳಿಸುವುದು ಹೇಗೆಂಬುದನ್ನು ನಾವು ವಿವರಿಸುವುದು ಅಪೂರ್ವ. ಪರಿಣಾಮವಾಗಿ ವಿದ್ಯಾರ್ಥಿಯು ಕತ್ತರಿ ಹಿಡಿದು ಭೂಪಟವನ್ನೂ ಕಾಲಪಟ್ಟಿಯನ್ನೂ ಕತ್ತರಿಸತೊಡಗುತ್ತಾನೆ. 'ಕರ್ನಾಟಕದ ಬರಗಾಲಗಳು' ಎಂಬುದು 'ಮೈಸೂರಿನ ಬರಗಾಲಗಳು' ಎಂದಾಗುತ್ತದೆ. ಅದು 'ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಬರಗಾಲಗಳು' ಎಂದಾಗುತ್ತದೆ. ತಲೆಬರಹ ಉದ್ದವಾಯಿತು, ಆದರೆ ಪ್ರಬಂಧದ ಸ್ವರೂಪ ಬದಲಾಗಲಿಲ್ಲ. ಮೊದಲು ಮೂರು ಗ್ರಂಥಗಳ ಸಾರವನ್ನು ಹೇಳುತ್ತಿದ್ದವನು ಈಗ ಒಂದೇ ಗ್ರಂಥದ ಒಂದು ಅಧ್ಯಾಯದ ಸಾರವನ್ನು ಹೇಳುತ್ತಾನೆ, ಅಷ್ಟೆ.

ಪ್ರಕೃತ ಲೇಖನದ ಉದ್ದೇಶ, ವಿಷಯವನ್ನು ಕಿರಿದುಗೊಳಿಸುವುದಕ್ಕೂ ವಿಷಯವನ್ನು ಪ್ರಶ್ನೆಯನ್ನಾಗಿ ಮಾರ್ಪಡಿಸುವುದಕ್ಕೂ ಇರುವ ಅಂತರವನ್ನು ತೋರಿಸುವುದು. ವಿಷಯವೆಂಬುದು ಒಂದು ಕ್ಷೇತ್ರ. ಅದನ್ನು ಎಷ್ಟು ಸಣ್ಣದಾಗಿ ಹಂಚಿದರೂ ಅದು ಕ್ಷೇತ್ರವಾಗಿಯೇ ಉಳಿಯುತ್ತದೆ. ಪ್ರಶ್ನೆಯಾದರೋ ಒಂದು ಉತ್ತರವನ್ನು ಅಪೇಕ್ಷಿಸುತ್ತದೆ. ಆ ಉತ್ತರವು ನಾವು ನಿರೀಕ್ಷಿಸಿದುದಕ್ಕೆ ವಿರುದ್ಧವಾಗಿಯೂ ಬರಬಹುದು. ಆಧಾರಗಳು 'ಅಲ್ಲ' ಎಂದು ಹೇಳಲು ಅವಕಾಶವಿರುವ ಪ್ರಶ್ನೆ ದೊರೆತಾಗಲೇ ವಿಷಯವು ಪರಿಷ್ಕೃತವಾಯಿತೆಂದು ತಿಳಿಯಬೇಕು. ಈ ಮಾತನ್ನು ಸೂತ್ರರೂಪದಲ್ಲಿ ಹೇಳಿದರೆ ಸಾಲದು. ಆದ್ದರಿಂದ ಒಂದು ನಿದರ್ಶನವನ್ನು ತೆಗೆದುಕೊಂಡು ಹಂತಹಂತವಾಗಿ ಪರೀಕ್ಷಿಸೋಣ.

2

ನಿದರ್ಶನಕ್ಕಾಗಿ 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಆರಿಸಿಕೊಳ್ಳಲಾಗಿದೆ. ನಮ್ಮ ನಾಡಿನ ಹಿರಿಯರ ನೆನಪಿನಲ್ಲಿ ಇದು ಧಾತು-ಈಶ್ವರ ಸಂವತ್ಸರಗಳ ಬರವೆಂದು ಪ್ರಸಿದ್ಧವಾಗಿತ್ತು. 1876ರಲ್ಲಿ ಮುಂಗಾರು ಮಳೆಯೂ ಹಿಂಗಾರು ಮಳೆಯೂ ಕೈಕೊಟ್ಟುವು. 1877ರ ಮುಂಗಾರು ಸಹ ಬಹುಕಾಲ ತಡೆದು, ಸೆಪ್ಟೆಂಬರಿನ ಹೊತ್ತಿಗೆ ಮಳೆ ಕಾಣಿಸಿಕೊಂಡಿತು. ಅಷ್ಟರಲ್ಲಿ ದಕ್ಷಿಣ ಭಾರತದ ಬಹುಭಾಗ ತತ್ತರಿಸಿಹೋಗಿತ್ತು. ಈ ವರ್ಷಗಳ ಅನಾವೃಷ್ಟಿಗೂ ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯೇರುವ ಎಲ್ ನಿನೊ ಎಂಬ ವಿದ್ಯಮಾನಕ್ಕೂ ಸಂಬಂಧವಿತ್ತೆಂದು ಇಂದಿನ ಹವಾಮಾನ ಶಾಸ್ತ್ರಜ್ಞರು ಗುರುತಿಸಿದ್ದಾರೆ. ಚೀನಾ, ಬ್ರೆಜಿಲ್ ಮುಂತಾದ ದೂರದೇಶಗಳೂ ಅದೇ ಕಾಲದಲ್ಲಿ ಕ್ಷಾಮಕ್ಕೆ ತುತ್ತಾದುವು.

ಇಂತಹ ದಾರುಣ ಘಟನೆಯನ್ನು ವಿದ್ಯಾರ್ಥಿಯೊಬ್ಬನು ಪ್ರಬಂಧಕ್ಕೆ ಆರಿಸಿಕೊಳ್ಳುವುದು ಸಹಜ, ಶ್ಲಾಘನೀಯವೂ ಹೌದು. ಆದರೆ 'ಮೈಸೂರಿನ ಮಹಾಕ್ಷಾಮ' ಎಂದು ತಲೆಬರಹವಿಟ್ಟು ಕುಳಿತವನ ಮುಂದೆ ಏನಿರುತ್ತದೆ? ಬಿ. ಎಲ್. ರೈಸ್ ಅವರ ಗ್ಯಾಸೆಟಿಯರ್ ಇರುತ್ತದೆ. ವಿಲಿಯಂ ಡಿಗ್ಬಿಯು 1878ರಲ್ಲಿ ದಕ್ಷಿಣ ಭಾರತದ ಕ್ಷಾಮ ಪರಿಹಾರವನ್ನು ಕುರಿತು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥ ಇರುತ್ತದೆ. ಚಾರ್ಲ್ಸ್ ಎಲಿಯಟ್ ಮೈಸೂರಿನ ಕ್ಷಾಮದ ಇತಿಹಾಸವನ್ನು ಕುರಿತು ಬರೆದ ವರದಿ ಇರುತ್ತದೆ. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ಒಪ್ಪಿಸಿದ ವರದಿಯೂ ದೊರೆಯುತ್ತದೆ. ಇವುಗಳಲ್ಲಿ ಬರದ ಕಥೆ ಆದ್ಯಂತವಾಗಿ ಸಿದ್ಧವಾಗಿಯೇ ಇದೆ: ಮಳೆ ಹೋಯಿತು, ಬೆಲೆ ಏರಿತು, ಕಾಮಗಾರಿಗಳು ತೆರೆದುವು, ಗಂಜಿ ಕೇಂದ್ರಗಳು ನಡೆದುವು, ಮಳೆ ಬಂದಿತು. ಈ ಕಥೆಯನ್ನು ಮತ್ತೊಮ್ಮೆ ಹೇಳುವ ವಿದ್ಯಾರ್ಥಿಯು ತನಗರಿವಿಲ್ಲದಂತೆಯೇ ಅಂದಿನ ಅಧಿಕಾರಿಗಳ ಆತ್ಮಕಥನವನ್ನು ಕನ್ನಡಕ್ಕೆ ಇಳಿಸುತ್ತಿರುತ್ತಾನೆ. ಸತ್ತವರು ಒಂದು ಸಂಖ್ಯೆಯಾಗಿ ಕೊನೆಯ ಪುಟದಲ್ಲಿ ಬಂದುಹೋಗುತ್ತಾರೆ. ವಿಷಯದ ಪರಿಷ್ಕರಣವು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಯಾರ ಮಾತನ್ನು ನಾವು ಇತಿಹಾಸವೆಂದು ಸ್ವೀಕರಿಸುತ್ತೇವೆ ಎಂಬುದು ಅದರಲ್ಲಿ ಅಡಗಿದೆ.

3

ಮೊದಲನೆಯ ಹಂತ ಸ್ಥಳದ ನಿರ್ಣಯ. ಕನ್ನಡ ಮಾತನಾಡುವ ಪ್ರದೇಶಗಳು ಆಗ ಮುಖ್ಯವಾಗಿ ನಾಲ್ಕು ಆಡಳಿತಗಳ ಕೆಳಗಿದ್ದುವು. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ರಾಯಚೂರು, ಕಲಬುರ್ಗಿಗಳು ನಿಜಾಮನ ಆಳ್ವಿಕೆಯಲ್ಲಿದ್ದುವು. ಮೈಸೂರನ್ನು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ವಹಿಸಿಕೊಂಡ ಬ್ರಿಟಿಷರು ಕಮಿಷನರುಗಳ ಮೂಲಕ ಆಳುತ್ತಿದ್ದರು. 1881ರ ಮಾರ್ಚ್ 25ರಂದು ಅದು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿತವಾಯಿತು. ಅಂದರೆ ಬರದ ವರ್ಷಗಳಲ್ಲಿ ಮೈಸೂರು ಹೆಸರಿಗೆ ದೇಶೀಯ ಸಂಸ್ಥಾನವಾಗಿದ್ದರೂ ನಡೆವಳಿಕೆಯಲ್ಲಿ ಭಾರತ ಸರ್ಕಾರದ ನೇರವಾದ ಕೈಕೆಳಗಿತ್ತು.

ಸ್ಥಳವನ್ನು ಆರಿಸುವುದೆಂದರೆ ಭೂಪಟದ ಒಂದು ತುಂಡನ್ನು ಆರಿಸುವುದು ಮಾತ್ರವಲ್ಲ, ಒಂದು ದಫ್ತರವನ್ನು ಆರಿಸುವುದು. ಬಳ್ಳಾರಿಯನ್ನು ಆರಿಸಿದರೆ ಮದರಾಸು ಸರ್ಕಾರದ ದಾಖಲೆಗಳನ್ನು ಹುಡುಕಬೇಕು. ಧಾರವಾಡವನ್ನು ಆರಿಸಿದರೆ ಮುಂಬಯಿಯ ದಾಖಲೆಗಳು ಬೇಕು. ಮೈಸೂರಿನ ಮೇಲ್ವಿಚಾರಣೆ ಭಾರತ ಸರ್ಕಾರದ ವಿದೇಶಾಂಗ ಇಲಾಖೆಯ ಮೂಲಕ ನಡೆಯುತ್ತಿದ್ದುದರಿಂದ, ಬೆಂಗಳೂರಿನ ರಾಜ್ಯ ಪತ್ರಾಗಾರದ ಜೊತೆಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಅದಕ್ಕೆ ಸಂಬಂಧಪಟ್ಟ ಪತ್ರವ್ಯವಹಾರವಿದೆ. ವಿದ್ಯಾರ್ಥಿಯು ಎಲ್ಲಿಗೆ ಹೋಗಬಲ್ಲನು, ಯಾವ ಭಾಷೆಯ ಯಾವ ಲಿಪಿಯನ್ನು ಓದಬಲ್ಲನು, ಎಷ್ಟು ದಿನ ಅಲ್ಲಿ ಕುಳಿತುಕೊಳ್ಳಬಲ್ಲನು ಎಂಬ ಲೌಕಿಕವಾದ ಪ್ರಶ್ನೆಗಳನ್ನು ಈ ಹಂತದಲ್ಲಿಯೇ ಎತ್ತಬೇಕು. ದಾಖಲೆಗಳು ಕೈಗೆಟುಕದ ಸ್ಥಳವನ್ನು ಅಭಿಮಾನಮಾತ್ರದಿಂದ ಆರಿಸಿಕೊಳ್ಳುವುದು ವಿವೇಕವಲ್ಲ.

ಎರಡನೆಯ ಹಂತ ಕಾಲದ ನಿರ್ಣಯ. 1876-78 ಎಂದು ಬರೆಯುವುದು ಸುಲಭ. ಆದರೆ ನಮ್ಮ ಆಧಾರಗಳು ಒಂದೇ ಪಂಚಾಂಗವನ್ನು ಅನುಸರಿಸುವುದಿಲ್ಲ. ಜನರ ನೆನಪು ಸಂವತ್ಸರವನ್ನು ಹಿಡಿಯುತ್ತದೆ. ಅದು ಯುಗಾದಿಯಿಂದ ಯುಗಾದಿಗೆ ಸಾಗುತ್ತದೆ. ಸರ್ಕಾರದ ವಾರ್ಷಿಕ ವರದಿಗಳು ಆಡಳಿತ ವರ್ಷವನ್ನು ಹಿಡಿಯುತ್ತವೆ. ಜನಗಣತಿಯಾದರೋ ಹತ್ತು ವರ್ಷಕ್ಕೊಂದು ದಿನದ ಚಿತ್ರವನ್ನು ಮಾತ್ರ ಕೊಡುತ್ತದೆ. ಮೈಸೂರಿನಲ್ಲಿ ಕ್ರಮಬದ್ಧವಾದ ಮೊದಲನೆಯ ಜನಗಣತಿ ನಡೆದುದು 1871ರಲ್ಲಿ. ಅದಕ್ಕೆ ಮೊದಲು ಗ್ರಾಮಾಧಿಕಾರಿಗಳು ಒದಗಿಸುತ್ತಿದ್ದ ಖಾನೇಷುಮಾರಿ ಲೆಕ್ಕಗಳೇ ಗತಿಯಾಗಿದ್ದುವು. ಎರಡನೆಯ ಗಣತಿ ನಡೆದುದು 1881ರ ಫೆಬ್ರವರಿ 17ರಂದು, ಸಂಸ್ಥಾನವು ಒಡೆಯರಿಗೆ ಮರಳುವುದಕ್ಕೆ ಐದು ವಾರಗಳ ಹಿಂದೆ. ಹೀಗೆ ಎರಡು ಗಣತಿಗಳ ನಡುವೆ ಬರವು ಸಿಕ್ಕಿಕೊಂಡಿದೆ. ಇದು ನಮ್ಮ ಭಾಗ್ಯವೂ ಹೌದು, ತೊಡಕೂ ಹೌದು. ಹೇಗೆಂಬುದನ್ನು ಮುಂದೆ ನೋಡೋಣ.

4

1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412 ಆಗಿತ್ತು. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಕಡಮೆಯಾದವರ ಸಂಖ್ಯೆ 8,69,224. ನೂರಕ್ಕೆ ಹದಿನೇಳಕ್ಕಿಂತ ಸ್ವಲ್ಪ ಹೆಚ್ಚು. ಅನೇಕ ಪ್ರಬಂಧಗಳು ಈ ಅಂಕಿಯನ್ನು ಉದ್ಧರಿಸಿ, 'ಬರದಲ್ಲಿ ಇಷ್ಟು ಜನ ಮಡಿದರು' ಎಂದು ಬರೆದು ಮುಂದೆ ಸಾಗುತ್ತವೆ. ಆದರೆ ಪ್ರಶ್ನೆಯ ಬೀಜವಿರುವುದು ಇಲ್ಲಿಯೇ. ಇಲ್ಲಿ ನಿಂತು ಯೋಚಿಸದೆ ಮುಂದೆ ಹೋಗಬಾರದು.

ಈ ಅಂಕಿ ಮಡಿದವರ ಸಂಖ್ಯೆಯಲ್ಲ. 1871ರಿಂದ 1876ರವರೆಗಿನ ಐದು ವರ್ಷಗಳಲ್ಲಿ ಜನಸಂಖ್ಯೆ ಸ್ವಲ್ಪಮಟ್ಟಿಗಾದರೂ ಬೆಳೆದಿದ್ದರೆ, ಬರದ ಹೊಸ್ತಿಲಲ್ಲಿ ಜನರು ಐವತ್ತು ಲಕ್ಷಕ್ಕಿಂತ ಇನ್ನೂ ಹೆಚ್ಚಾಗಿದ್ದಿರಬೇಕು; ಆಗ ನಷ್ಟವೂ ಹೆಚ್ಚುತ್ತದೆ. ಬರ ಮುಗಿದ ಮೇಲೆ 1881ರವರೆಗೆ ಹುಟ್ಟಿದ ಮಕ್ಕಳು ಆ ನಷ್ಟದ ಒಂದು ಭಾಗವನ್ನು ಮರೆಮಾಡಿರಬೇಕು. ಇನ್ನೊಂದು ಕಡೆ, ಹಸಿದ ಜನರು ಊರು ಬಿಟ್ಟು ಮಲೆನಾಡಿಗೋ ಕೊಡಗಿನ ತೋಟಗಳಿಗೋ ಗಡಿಯಾಚೆಯ ಜಿಲ್ಲೆಗಳಿಗೋ ಹೋಗಿ ಮರಳದಿದ್ದರೆ, ಅವರು ಲೆಕ್ಕದಲ್ಲಿ ಸತ್ತವರಂತೆಯೇ ಕಾಣುತ್ತಾರೆ. ಬರದ ಕಾಲದಲ್ಲಿ ಹುಟ್ಟಬೇಕಾಗಿದ್ದೂ ಹುಟ್ಟದೆಹೋದ ಮಕ್ಕಳೂ ಈ ಕೊರತೆಯೊಳಗೆ ಸೇರಿದ್ದಾರೆ. ಆದುದರಿಂದ 8,69,224 ಎಂಬ ಒಂದೇ ಸಂಖ್ಯೆಯು ಮರಣ, ವಲಸೆ, ಹುಟ್ಟದ ಶಿಶುಗಳು ಎಂಬ ಮೂರು ಬೇರೆ ಬೇರೆ ಕಥೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ಗಂಟನ್ನು ಬಿಚ್ಚುವುದೇ ಸಂಶೋಧನೆ.

ಗಂಟನ್ನು ಬಿಚ್ಚಲು ಸಂಸ್ಥಾನದ ಒಟ್ಟು ಸಂಖ್ಯೆಯಿಂದ ಆಗದು. ಒಟ್ಟು ಸಂಖ್ಯೆಯು ವ್ಯತ್ಯಾಸಗಳನ್ನು ನುಂಗಿಹಾಕುತ್ತದೆ. ಮಳೆ ಹೇರಳವಾಗಿ ಬೀಳುವ ಶಿವಮೊಗ್ಗ, ಕಡೂರು ಜಿಲ್ಲೆಗಳ ಮಲೆನಾಡು ಭಾಗಗಳಿಗಿಂತ, ರಾಗಿಯನ್ನೂ ಕೆರೆಯ ನೀರನ್ನೂ ನಂಬಿದ್ದ ಪೂರ್ವದ ಬಯಲುಸೀಮೆ ಬಹಳ ಹೆಚ್ಚಾಗಿ ನೊಂದಿತೆಂಬುದು ತಿಳಿದ ಸಂಗತಿಯೇ ಆಗಿದೆ. ಆದರೆ ಬಯಲುಸೀಮೆಯೊಳಗೆ ಎಲ್ಲ ತಾಲ್ಲೂಕುಗಳೂ ಸಮವಾಗಿ ನೊಂದುವೆ? ಸಮವಾಗಿ ನೊಂದಿಲ್ಲವಾದರೆ ಕಾರಣವೇನು? ವಿಷಯವು ಪ್ರಶ್ನೆಯಾಗಿ ತಿರುಗುವ ಕ್ಷಣವಿದು.

5

ಆದರೆ ಒಡನೆಯೇ ಮೊದಲು ಹೊಳೆದ ಪ್ರಶ್ನೆಯನ್ನು ಹಿಡಿದುಕೊಳ್ಳಬಾರದು. ಹಲವು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದನ್ನೂ ಆಧಾರಗಳ ಮುಂದೆ ನಿಲ್ಲಿಸಿ ನೋಡಬೇಕು. ಮೂರು ಪ್ರಶ್ನೆಗಳನ್ನು ಇಲ್ಲಿ ಹೀಗೆ ಪರೀಕ್ಷಿಸಬಹುದು.

ಮೊದಲನೆಯದು: ಬರಕ್ಕೆ ಕಾರಣ ಮಳೆಯ ಅಭಾವವೋ, ಸರ್ಕಾರದ ನೀತಿಯೋ? ಇದು ಗಹನವಾದ ಪ್ರಶ್ನೆ. 1880ರ ಕ್ಷಾಮ ಆಯೋಗವೇ, ಬರವೆಂದರೆ ಧಾನ್ಯದ ಕೊರತೆಯಷ್ಟೇ ಅಲ್ಲ, ಕೂಲಿ ತಪ್ಪಿದ ಬಡವರಿಗೆ ಧಾನ್ಯವನ್ನು ಕೊಳ್ಳುವ ಶಕ್ತಿ ಇಲ್ಲವಾಗುವುದೂ ಹೌದೆಂದು ಗ್ರಹಿಸಿತ್ತು. ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಬಡತನ ಮತ್ತು ಕ್ಷಾಮಗಳನ್ನು ಕುರಿತ ಗ್ರಂಥದಲ್ಲಿ ಆಹಾರದ ಲಭ್ಯತೆಗಿಂತ ಆಹಾರದ ಮೇಲೆ ಜನರಿಗಿರುವ ಹಕ್ಕುದಾರಿಕೆ ಮುಖ್ಯವೆಂಬ ವಾದವನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದರು. ಮೈಕ್ ಡೇವಿಸ್ 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹವಾಮಾನವನ್ನೂ ಸಾಮ್ರಾಜ್ಯದ ನೀತಿಯನ್ನೂ ಒಟ್ಟಿಗೆ ಇಟ್ಟು ವಿವೇಚಿಸಿದರು. ಇಷ್ಟು ದೊಡ್ಡ ವಿವಾದವನ್ನು ನಲವತ್ತು ಪುಟಗಳಲ್ಲಿ ತೀರ್ಮಾನಿಸಲು ಹೊರಟ ವಿದ್ಯಾರ್ಥಿ ಈ ಇಬ್ಬರಲ್ಲಿ ಒಬ್ಬರ ಪಕ್ಷವನ್ನು ವಹಿಸುವುದರ ಹೊರತು ಬೇರೇನನ್ನೂ ಮಾಡಲಾರನು. ಪ್ರಶ್ನೆ ಯೋಗ್ಯವಾದುದು, ಅಳತೆ ಅಯೋಗ್ಯವಾದುದು. ಇದನ್ನು ಪ್ರಬಂಧದ ಹಿನ್ನೆಲೆಯಲ್ಲಿ ಇಟ್ಟುಕೊಳ್ಳಬೇಕು, ಮುನ್ನೆಲೆಗೆ ತರಬಾರದು.

ಎರಡನೆಯದು: ರೈತರ ಹಗೇವುಗಳಲ್ಲಿದ್ದ ರಾಗಿ ಎಷ್ಟು ಕಾಲ ಅವರನ್ನು ಕಾಪಾಡಿತು? ಇದು ಬಹು ಸೊಗಸಾದ ಪ್ರಶ್ನೆ. ರಾಗಿಗೆ ಬೇಗ ಹುಳು ಹಿಡಿಯುವುದಿಲ್ಲ. ನೆಲದೊಳಗಿನ ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬಯಲುಸೀಮೆಯ ಕುಟುಂಬಕ್ಕೆ ಹಗೇವೇ ಬ್ಯಾಂಕು, ಹಗೇವೇ ವಿಮೆ. ಆದರೆ ಯಾವ ಮನೆಯ ಹಗೇವು ಯಾವ ತಿಂಗಳು ಬರಿದಾಯಿತೆಂದು ಬರೆದಿಟ್ಟವರಾರು? ಶಾನುಭೋಗರ ಲೆಕ್ಕಗಳು ಕಂದಾಯಕ್ಕೆ ಸಂಬಂಧಿಸಿದುವು. ನೆಲದೊಳಗಿನ ಧಾನ್ಯವನ್ನು ತೆರಿಗೆಯ ಭಯದಿಂದ ಮುಚ್ಚಿಡುವುದೇ ಲೋಕರೂಢಿ. ಅಲ್ಲೊಂದು ಇಲ್ಲೊಂದು ಉಲ್ಲೇಖ ದೊರೆಯಬಹುದಾದರೂ ಉತ್ತರ ಕಟ್ಟುವಷ್ಟು ಸಾಮಗ್ರಿ ಒದಗುವುದು ದುರ್ಲಭ. ಪ್ರಶ್ನೆ ಎಷ್ಟೇ ಮನೋಹರವಾಗಿದ್ದರೂ, ಆಧಾರಗಳು ಮೌನವಾಗಿದ್ದರೆ ಅದನ್ನು ಕೈಬಿಡುವ ಧೈರ್ಯ ಬೇಕು.

ಮೂರನೆಯದು: ರೈಲುಮಾರ್ಗ ಹಾದುಹೋಗಿದ್ದ ತಾಲ್ಲೂಕುಗಳು, ಹಾದುಹೋಗದ ನೆರೆಯ ತಾಲ್ಲೂಕುಗಳಿಗಿಂತ ಕಡಮೆ ಜನರನ್ನು ಕಳೆದುಕೊಂಡುವೆ? ಈ ಪ್ರಶ್ನೆಯು ಪರೀಕ್ಷೆಯಲ್ಲಿ ನಿಲ್ಲುತ್ತದೆ. ಬರದ ವರ್ಷಗಳಲ್ಲಿ ಮೈಸೂರು ಸಂಸ್ಥಾನದೊಳಗೆ ಇದ್ದ ರೈಲುಮಾರ್ಗ, ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ತೆರೆದ ಮದರಾಸು ರೈಲ್ವೆಯ ಶಾಖೆಯೊಂದೇ. ಬೆಂಗಳೂರು-ಮೈಸೂರು ಮಾರ್ಗವು ಮೈಸೂರನ್ನು ಮುಟ್ಟಿದುದು 1882ರಲ್ಲಿ, ಬರ ಕಳೆದ ಮೇಲೆ. ಬಂಗಾಳದಿಂದಲೂ ಬರ್ಮಾದಿಂದಲೂ ಹಡಗುಗಳಲ್ಲಿ ಮದರಾಸಿಗೆ ಬಂದಿಳಿದ ಅಕ್ಕಿಯು ಒಳನಾಡಿಗೆ ಸಾಗಲು ಇದ್ದ ಮುಖ್ಯ ಸಾಧನ ರೈಲು. ಜೋಲಾರಪೇಟೆಯ ಶಾಖೆ ಅಂದಿನ ಕೋಲಾರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಬೌರಿಂಗ್‌ಪೇಟೆ, ಮಾಲೂರುಗಳ ಮೂಲಕ ಹಾದುಹೋಗಿತ್ತು. ಬೌರಿಂಗ್‌ಪೇಟೆ - ಇಂದಿನ ಬಂಗಾರಪೇಟೆ - ಊರಾಗಿ ಬೆಳೆದುದೇ ರೈಲು ಬಂದುದರಿಂದ. ಅದಕ್ಕೆ ಕಮಿಷನರ್ ಲೆವಿನ್ ಬೌರಿಂಗ್‌ನ ಹೆಸರನ್ನಿಟ್ಟಿದ್ದರು. ಜಿಲ್ಲೆಯ ಉತ್ತರದ ಚಿಂತಾಮಣಿ, ಗೌರಿಬಿದನೂರು ಮುಂತಾದ ಕಡೆಗಳಿಗೆ ಧಾನ್ಯವು ಎತ್ತಿನ ಗಾಡಿಯಲ್ಲಿ ಹೋಗಬೇಕಾಗಿತ್ತು. ಮೇವೂ ನೀರೂ ಇಲ್ಲದ ದಾರಿಯಲ್ಲಿ ಎತ್ತುಗಳೇ ಬೀಳುತ್ತಿದ್ದಾಗ ಗಾಡಿಯ ಸಾಗಾಟ ಎಷ್ಟು ದುಸ್ತರವೆಂಬುದನ್ನು ಊಹಿಸಬಹುದು.

ಒಂದೇ ಜಿಲ್ಲೆ, ಒಂದೇ ಆಡಳಿತ, ಒಂದೇ ಬೆಳೆ; ವ್ಯತ್ಯಾಸ ಮುಖ್ಯವಾಗಿ ರೈಲಿನ ಸಾಮೀಪ್ಯ. ಎರಡು ಗಣತಿಗಳ ತಾಲ್ಲೂಕುವಾರು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರದ ಮೊದಲ ರೇಖೆಗಳು ಕಾಣಿಸಿಕೊಳ್ಳುತ್ತವೆ. ಉತ್ತರವು 'ಹೌದು' ಎಂದಾದರೆ, ರೈಲು ಜೀವಗಳನ್ನು ಉಳಿಸಿತೆಂಬ ಅಂದಿನ ಸರ್ಕಾರದ ಮತಕ್ಕೆ ಒಂದು ಸ್ಥಳೀಯ ಸಾಕ್ಷ್ಯ ದೊರೆತಂತಾಗುತ್ತದೆ. 'ಅಲ್ಲ' ಎಂದಾದರೆ ಇನ್ನೂ ಸ್ವಾರಸ್ಯಕರ: ಹಣವಿಲ್ಲದವನಿಗೆ ನಿಲ್ದಾಣದಲ್ಲಿ ರಾಶಿ ಬಿದ್ದ ಅಕ್ಕಿಯಿಂದಲೂ ಪ್ರಯೋಜನವಿಲ್ಲವೆಂಬ ಸೇನರ ವಾದಕ್ಕೆ ನಮ್ಮ ನೆಲದಲ್ಲಿಯೇ ಒಂದು ಪುಷ್ಟಿ ಸಿಗುತ್ತದೆ. ಮೊದಲನೆಯ ಮಹಾಪ್ರಶ್ನೆಯನ್ನು ನಾವು ಬಿಟ್ಟುಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಚಿಕ್ಕ ಬಾಗಿಲಿನಿಂದ ಅದೇ ಮನೆಯೊಳಕ್ಕೆ ಬಂದಿದ್ದೇವೆ.

6

ಪ್ರಶ್ನೆ ದೊರೆತ ಮೇಲೆ ಆಧಾರಗಳನ್ನು ಓದುವ ರೀತಿಯೇ ಬದಲಾಗುತ್ತದೆ. ಮೊದಲು ಎಲಿಯಟ್‌ನ ವರದಿಯನ್ನು ಕಥೆಯಾಗಿ ಓದುತ್ತಿದ್ದವನು ಈಗ ಅದನ್ನು ಸಾಕ್ಷಿಯ ಹೇಳಿಕೆಯಾಗಿ ಓದುತ್ತಾನೆ. ಸಾಕ್ಷಿ ಯಾರು, ಅವನ ಸ್ಥಾನವೇನು, ಅವನು ಯಾರಿಗೆ ಉತ್ತರ ಹೇಳಬೇಕಾಗಿತ್ತು ಎಂದು ಕೇಳುತ್ತಾನೆ. ಎಲಿಯಟ್ ಮೈಸೂರಿನ ಕ್ಷಾಮ ಕಮಿಷನರನಾಗಿದ್ದು, ಅನಂತರ ಕ್ಷಾಮ ಆಯೋಗದ ಕಾರ್ಯದರ್ಶಿಯಾದವನು. ಪರಿಹಾರ ಕಾರ್ಯವನ್ನು ನಡೆಸಿದವನೇ ಅದರ ಇತಿಹಾಸವನ್ನು ಬರೆದಿದ್ದಾನೆ. ಡಿಗ್ಬಿಯಾದರೋ ಮದರಾಸಿನ ಪತ್ರಿಕೋದ್ಯಮಿ. ಸಾರ್ವಜನಿಕ ಪರಿಹಾರನಿಧಿಯ ಕಾರ್ಯದಲ್ಲಿ ತೊಡಗಿದ್ದವನು. ಸರ್ಕಾರದ ಮಿತವ್ಯಯದ ನೀತಿಯನ್ನು ಟೀಕಿಸಿದವನು. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಆದರೆ ಇಬ್ಬರೂ ಕಂಡುದು ಅವರವರ ಕಿಟಕಿಯಿಂದ.

ಇದಕ್ಕೆ ಕೂಲಿಯ ವಿವಾದವೊಂದು ಒಳ್ಳೆಯ ದೃಷ್ಟಾಂತ. ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ 1877ರ ಆದಿಯಲ್ಲಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ವಯಸ್ಕನ ದಿನಗೂಲಿಯನ್ನು ಒಂದು ಪೌಂಡು ಧಾನ್ಯವನ್ನು ಕೊಳ್ಳುವಷ್ಟು ಹಣಕ್ಕೂ ಅದರ ಮೇಲೆ ಅಲ್ಪ ಕಾಸಿಗೂ ಇಳಿಸಬೇಕೆಂದು ಸೂಚಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್, ದುಡಿಯುವ ದೇಹಕ್ಕೆ ಇಷ್ಟು ಸಾಲದೆಂದು ವೈದ್ಯಶಾಸ್ತ್ರದ ಆಧಾರದಿಂದ ಪ್ರತಿಭಟಿಸಿದನು. ಈ ಇಬ್ಬರ ಬರಹಗಳನ್ನೂ ಓದಿದ ವಿದ್ಯಾರ್ಥಿ ಸಹಜವಾಗಿ ಕಾರ್ನಿಶನ ಪಕ್ಷವನ್ನು ವಹಿಸುತ್ತಾನೆ. ಆದರೆ ಸಂಶೋಧಕನು ಇನ್ನೊಂದು ಹೆಜ್ಜೆ ಇಡಬೇಕು: ಆಜ್ಞೆ ಹೊರಟುದು ಬೇರೆ, ಆಜ್ಞೆ ನಡೆದುದು ಬೇರೆ. ಮಾಲೂರಿನ ಕಾಮಗಾರಿಯಲ್ಲಿ ಮಣ್ಣು ಹೊತ್ತ ಹೆಂಗಸಿನ ಕೈಗೆ ಸಂಜೆ ಎಷ್ಟು ಬಿದ್ದಿತು? ಅಮಲ್ದಾರನ ವರದಿಯಲ್ಲಿ, ಕಾಮಗಾರಿಯ ಹಾಜರಿ ಪಟ್ಟಿಯಲ್ಲಿ, ಕಚೇರಿಯಿಂದ ಕಚೇರಿಗೆ ಹೋದ ಕಾಗದಗಳಲ್ಲಿ ಇದರ ಸುಳಿವನ್ನು ಹುಡುಕಬೇಕು. ವಿಷಯ ವಿಶಾಲವಾಗಿದ್ದಾಗ ಇಂತಹ ಕಾಗದಗಳನ್ನು ನೋಡಲು ಪುರುಸೊತ್ತಿಲ್ಲ. ಪ್ರಶ್ನೆ ಪರಿಮಿತವಾದಾಗ ಅವನ್ನು ನೋಡದೆ ಗತ್ಯಂತರವಿಲ್ಲ.

ಅಂಕಿಗಳನ್ನು ಹೋಲಿಸುವಾಗಲೂ ಮೂರು ಎಚ್ಚರಗಳು ಅವಶ್ಯಕ. ಮೊದಲನೆಯದಾಗಿ, 1871ರ ತಾಲ್ಲೂಕೂ 1881ರ ತಾಲ್ಲೂಕೂ ಒಂದೇ ಗಡಿಯವೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಗಡಿ ಸರಿದಿದ್ದರೆ ಗ್ರಾಮಗಳ ಪಟ್ಟಿಯಿಂದ ಸರಿಪಡಿಸಬೇಕು. ಇಂದಿನ ಭೂಪಟವನ್ನು ನೋಡುವವರು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದುದನ್ನೂ, ಚಿಂತಾಮಣಿ, ಗೌರಿಬಿದನೂರುಗಳು ಈಗ ಅದಕ್ಕೆ ಸೇರಿರುವುದನ್ನೂ ಮರೆಯಬಾರದು. ಎರಡನೆಯದಾಗಿ, ರೈಲಿನ ಹೊರತು ಬೇರೆ ವ್ಯತ್ಯಾಸಗಳಿವೆಯೆ ಎಂದು ನೋಡಬೇಕು. ಜಿಲ್ಲೆಯ ದಕ್ಷಿಣದಲ್ಲಿ ಪಾಲಾರ್ ನದಿಯ ಕೆರೆಗಳ ಸಾಲಿದೆ. ಜನರು ಉಳಿದುದು ರೈಲಿನಿಂದಲೋ ಕೆರೆಯ ಅಂಗಳದ ಬಾವಿಗಳಿಂದಲೋ ಎಂಬ ಸಂಶಯಕ್ಕೆ ಉತ್ತರ ಹೇಳಬೇಕು. ಮೂರನೆಯದಾಗಿ, ರೈಲಿನ ಊರುಗಳಿಗೆ ಹಸಿದವರು ಹೊರಗಿನಿಂದ ಬಂದು ಸೇರಿ ಅಲ್ಲಿಯೇ ನಿಂತಿದ್ದರೆ, ಉಳಿದವರ ಸಂಖ್ಯೆ ಹುಸಿಯಾಗಿ ಹೆಚ್ಚುತ್ತದೆ. ಇದಕ್ಕಾಗಿ 1881ರ ಗಣತಿಯ ವಯೋವಾರು ಕೋಷ್ಟಕಗಳನ್ನು ಪರಿಶೀಲಿಸಬೇಕು. ಬರದ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಆಗ ಮೂರರಿಂದ ಐದು ವಯಸ್ಸಿನವರಾಗಿರಬೇಕು. ಆ ಸಾಲಿನ ಕೊರತೆಯನ್ನು ವಲಸೆಯೊಂದರಿಂದಲೇ ವಿವರಿಸಲಾಗದು. ಎಳೆಯ ಮಕ್ಕಳು ತಾವಾಗಿ ಗುಳೆ ಹೋಗಲಾರರು.

7

ಇಂತಹ ಪರಿಮಿತ ಪ್ರಬಂಧಗಳ ಮೇಲೆ ಒಂದು ಆಕ್ಷೇಪಣೆ ಉಂಟು. ಎರಡು ತಾಲ್ಲೂಕುಗಳ ಲೆಕ್ಕದಿಂದ ನಾಡಿನ ಇತಿಹಾಸಕ್ಕೆ ಆಗುವ ಲಾಭವೇನು, ಇತಿಹಾಸವು ಚೂರುಚೂರಾಗಿ ಹೋಗುವುದಿಲ್ಲವೆ, ಎಂದು ಕೆಲವರು ಕೇಳುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಯಾವ ದೊಡ್ಡ ಪ್ರಶ್ನೆಗೂ ಸಂಬಂಧಿಸದ ಸಣ್ಣ ಪ್ರಶ್ನೆ ಕೇವಲ ಕುತೂಹಲವಾಗಿ ಉಳಿಯುತ್ತದೆ. ಮಾಲೂರಿನ ನಿಲ್ದಾಣದಲ್ಲಿ ಎಷ್ಟು ಬಂಡಿಗಳು ನಿಲ್ಲುತ್ತಿದ್ದುವೆಂಬುದನ್ನು ಅದಕ್ಕಾಗಿಯೇ ಎಣಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಆದುದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಮೂರು ಒರೆಗಲ್ಲುಗಳ ಮೇಲೆ ಉಜ್ಜಿ ನೋಡಬೇಕು. ಇರುವ ಆಧಾರಗಳಿಂದ ಇದಕ್ಕೆ ಉತ್ತರ ಸಾಧ್ಯವೆ? ಉತ್ತರವು ನನ್ನ ನಂಬಿಕೆಗೆ ವಿರುದ್ಧವಾಗಿ ಬರುವ ಸಂಭವವಿದೆಯೆ? ಉತ್ತರ ಯಾವುದಾದರೂ ಬರಲಿ, ಅದರಿಂದ ದೊಡ್ಡ ಚಿತ್ರದ ಒಂದು ಗೆರೆಯಾದರೂ ಬದಲಾಗುತ್ತದೆಯೆ? ಮೂರಕ್ಕೂ 'ಹೌದು' ಎಂಬ ಉತ್ತರ ಬಂದರೆ ಬರೆಯಲು ಕುಳಿತುಕೊಳ್ಳಬಹುದು. ಮೊದಲನೆಯದಕ್ಕೆ 'ಇಲ್ಲ' ಎಂದಾದರೆ ಪ್ರಶ್ನೆಯನ್ನು ಬಿಡಬೇಕು. ಎರಡನೆಯದಕ್ಕೆ 'ಇಲ್ಲ' ಎಂದಾದರೆ ಅದು ಸಂಶೋಧನೆಯಲ್ಲ, ಪ್ರಚಾರ. ಮೂರನೆಯದಕ್ಕೆ 'ಇಲ್ಲ' ಎಂದಾದರೆ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಬೇಕು.

ಅಧ್ಯಾಪಕರ ಪಾಲಿಗೂ ಇದರಲ್ಲಿ ಒಂದು ಕರ್ತವ್ಯವುಂಟು. ತಲೆಬರಹದ ಪಟ್ಟಿಗೆ ಸಹಿ ಹಾಕುವ ದಿನವೇ ವಿಷಯವು ನಿಶ್ಚಯವಾಯಿತೆಂದು ಭಾವಿಸಬಾರದು. ಮೊದಲ ಮೂರು ವಾರಗಳನ್ನು ಆಧಾರಗಳನ್ನು ಮುಟ್ಟಿ ನೋಡುವುದಕ್ಕೆ ಬಿಟ್ಟು, ಆಮೇಲೆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ತರುವಂತೆ ವಿದ್ಯಾರ್ಥಿಗೆ ಹೇಳಬೇಕು. ಆ ವಾಕ್ಯವು ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯಬೇಕು. ಮುಗಿಯದಿದ್ದರೆ ಅವನು ಇನ್ನೂ ವಿಷಯದಲ್ಲಿಯೇ ಇದ್ದಾನೆ, ಪ್ರಶ್ನೆಯನ್ನು ಮುಟ್ಟಿಲ್ಲ ಎಂದರ್ಥ. ನಡುವೆ ಪ್ರಶ್ನೆ ಬದಲಾದರೆ ಅದಕ್ಕೆ ಅವಕಾಶ ಕೊಡಬೇಕು. ಆಧಾರಗಳ ಒತ್ತಡದಿಂದ ಬದಲಾದ ಪ್ರಶ್ನೆ ಮೊದಲಿನದಕ್ಕಿಂತ ಸಾಮಾನ್ಯವಾಗಿ ಉತ್ತಮವಾಗಿಯೇ ಇರುತ್ತದೆ.

ಬರದ ಆರ್ಥಿಕ ಪರಿಣಾಮಗಳು ಸರ್ಕಾರದ ಲೆಕ್ಕದಲ್ಲಿ ಸ್ಪಷ್ಟವಾಗಿ ದಾಖಲಾಗಿವೆ. 1881ರಲ್ಲಿ ದಿವಾನರಾದ ರಂಗಾಚಾರ್ಲು ಅವರು ಬರದ ನಿಮಿತ್ತ ಸಂಸ್ಥಾನದ ಮೇಲೆ ಬಿದ್ದ ಎಂಬತ್ತು ಲಕ್ಷ ರೂಪಾಯಿಗಳ ಸಾಲದೊಂದಿಗೆ ತಮ್ಮ ಅಧಿಕಾರವನ್ನು ಆರಂಭಿಸಬೇಕಾಯಿತು. ಆ ಸಾಲ ಯಾರಿಗೆ ಸಲ್ಲಬೇಕು, ಅದರ ಬಡ್ಡಿ ಎಷ್ಟು ಎಂಬುದಕ್ಕೆ ಪತ್ರಗಳಿವೆ. ಆದರೆ ಚಿಂತಾಮಣಿಯ ದಾರಿಯಲ್ಲಿ, ಗೌರಿಬಿದನೂರಿನ ಕೆರೆಯ ಏರಿಯ ಮೇಲೆ ಬಿದ್ದವರ ಋಣಕ್ಕೆ ಪತ್ರವಿಲ್ಲ. 'ಮೈಸೂರಿನ ಮಹಾಕ್ಷಾಮ' ಎಂಬ ವಿಶಾಲವಾದ ತಲೆಬರಹದ ಕೆಳಗೆ ಅವರು ಎಂದಿಗೂ ಕಾಣಿಸರು. ಒಂದು ತಾಲ್ಲೂಕಿನ, ಒಂದು ವಯಸ್ಸಿನ, ಒಂದು ಕೋಷ್ಟಕದ ಕೊರತೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಆ ಕೋಷ್ಟಕವನ್ನು ತಾಳ್ಮೆಯಿಂದ ಓದುವ ಕೆಲಸ ದೊಡ್ಡ ವಿದ್ವಾಂಸರಿಗಾಗಿ ಕಾಯಬೇಕಾಗಿಲ್ಲ. ಒಂದು ಗ್ರಂಥಾಲಯ, ಎರಡು ಗಣತಿಯ ಸಂಪುಟಗಳು, ಸರಿಯಾಗಿ ಕೇಳಿದ ಒಂದು ಪ್ರಶ್ನೆ - ಇಷ್ಟಿದ್ದರೆ ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೂ ಅದನ್ನು ಮಾಡಬಲ್ಲನು.